ನೋಡದ ಊರಿನ ಬಗ್ಗೆ ಬರೆದೆ

ಪ್ರಥಮ ಪಿಯುಸಿಯ ಮೊದಲ ವಾರ. ಕನ್ನಡ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ, "ಎಸ್ಸೆಸ್ಸೆಲ್ಸಿ ರಜೆಯಲ್ಲಿ ಏನು ಮಾಡಿದಿರಿ?" ಎಂದು ಕೇಳುತ್ತಿದ್ದರು. ಒಬ್ಬಳು ಹೊಲಿಗೆ ಕಲಿತಿದ್ದಳು. ಒಬ್ಬಳು ನಾನಿಯ ಊರಿನಲ್ಲಿ ಎರಡು ತಿಂಗಳು ಕಳೆದಿದ್ದಳು. ನನ್ನ ಸರದಿ ಬಂತು.

"ಕೊಡಗಿನ ಬಗ್ಗೆ ಮೂರು ಪ್ರವಾಸ ಲೇಖನ ಬರೆದೆ ಮೇಡಂ."

"ಹೌದಾ! ಕೊಡಗಿಗೆ ಯಾವಾಗ ಹೋಗಿದ್ದೆ?"

"ಹೋಗಿಲ್ಲ ಮೇಡಂ."

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಮೇಡಂ ಮಾತ್ರ ನಗಲಿಲ್ಲ. ಮಧ್ಯಾಹ್ನ ಸ್ಟಾಫ್ ರೂಮಿಗೆ ಕರೆದು ಲೇಖನ ತೋರಿಸಲು ಹೇಳಿದರು. ಓದಿ ಮುಗಿಸಿ ಒಂದೇ ಒಂದು ಪ್ರಶ್ನೆ ಕೇಳಿದರು: "ಮಡಿಕೇರಿಯಲ್ಲಿ ಮೈ ಕೊರೆಯುವ ಚಳಿ ಅಂತ ಬರೆದಿದ್ದೀಯಲ್ಲ, ನಿನಗೆ ಚಳಿ ಆಯಿತಾ?" ನಾನು ಸುಮ್ಮನೆ ನಿಂತೆ. ಮೇ ತಿಂಗಳಲ್ಲಿ ವಿಜಯಪುರದ ನಮ್ಮ ಮನೆಯ ಪತ್ರಾಸಿನ ಕೆಳಗೆ, ಫ್ಯಾನಿನ ಎದುರು ಕುಳಿತು ಬರೆದ ಚಳಿ ಅದು.

"ಬರೆಯೋದು ಬಿಡಬೇಡ," ಎಂದರು ಮೇಡಂ. "ಆದರೆ ಇದನ್ನು ಓದಿದವರು ನಿನ್ನನ್ನು ನಂಬಿ ಮನೆಯಿಂದ ಹೊರಡುತ್ತಾರೆ. ಅದು ನೆನಪಿರಲಿ."

ಆ ಮಾತು ಆಗ ನನಗೆ ಅರ್ಥವಾಗಲಿಲ್ಲ. ಅರ್ಥವಾಗಲು ಐದು ತಿಂಗಳು ಬೇಕಾಯಿತು. ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಇನ್ನೂ ನಾಲ್ಕೈದು ಮಂದಿ ಹೀಗೆ ಅಂತರ್ಜಾಲಕ್ಕೆ ಬರೆದು ಸಂಪಾದಿಸುವ ಆಸೆಯಲ್ಲಿದ್ದಾರೆಂದು ಕೇಳಿದ್ದೇನೆ. ಅವರಿಗೆ ಇದು ಉಪಯೋಗವಾಗಬಹುದು.

ಶುರುವಾದದ್ದು ಹೀಗೆ. ಬೆಂಗಳೂರಿನಲ್ಲಿರುವ ನನ್ನ ಖಾಲಾ ಮಗಳು, ನಾನು ಆಪಾ ಎಂದು ಕರೆಯುವವಳು, ಒಂದು ಜಾಲತಾಣಕ್ಕೆ ಕನ್ನಡದಲ್ಲಿ ಪ್ರವಾಸ ಲೇಖನಗಳು ಬೇಕಂತೆ ಎಂದು ಫೋನ್ ಮಾಡಿದಳು. 800 ಪದದ ಲೇಖನಕ್ಕೆ 250 ರೂಪಾಯಿ. ಹೆಸರು ಹಾಕುವುದಿಲ್ಲ. ಕಳಿಸಿದ ಮೇಲೆ ಲೇಖನ ಅವರದ್ದು. ಫ್ರೀಲಾನ್ಸ್ ಎಂದರೆ ಏನೆಂದು ಅಬ್ಬಾಗೆ ವಿವರಿಸಿದೆ: ನೌಕರಿ ಅಲ್ಲ, ಸಂಬಳ ಇಲ್ಲ, ಬರೆದಷ್ಟಕ್ಕೆ ದುಡ್ಡು. ಅಬ್ಬಾ ಆಟೋ ಓಡಿಸುತ್ತಾರೆ. "ಅಂದರೆ ನನ್ನ ಕೆಲಸದ ಹಾಗೇ. ಸವಾರಿ ಸಿಕ್ಕರೆ ದುಡ್ಡು, ಇಲ್ಲದಿದ್ದರೆ ಇಲ್ಲ," ಎಂದರು. ಅಮ್ಮಿಯ ಚಿಂತೆ ಬೇರೆ. "ಪ್ರವಾಸದ ಬಗ್ಗೆ ಬರೀಬೇಕಂದ್ರೆ ಊರೂರು ತಿರುಗಬೇಕಲ್ಲ?" ಎಂದು ಕೇಳಿದರು. ತಿರುಗಬೇಕಾಗಿಲ್ಲ, ಮನೆಯಲ್ಲೇ ಕೂತು ಬರೆಯಬಹುದು ಎಂದೆ. ಅಮ್ಮಿಗೆ ಸಮಾಧಾನವಾಯಿತು. ತಪ್ಪು ಶುರುವಾದದ್ದೂ ಅಲ್ಲಿಂದಲೇ.

ಮೊದಲ ತೊಂದರೆ ಅಕ್ಷರದ್ದು. ಮೂಲೆಯ ಡಿಟಿಪಿ ಅಂಗಡಿಯಲ್ಲಿ ನುಡಿಯಲ್ಲಿ ಟೈಪ್ ಮಾಡಿ ಕಳಿಸಿದ ಲೇಖನ ಅವರ ಕಡೆ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿತ್ತು. ಯೂನಿಕೋಡ್ ಬೇಕು ಎಂದರು. ಫೋನಿನಲ್ಲೇ ಒಂದೊಂದೇ ಅಕ್ಷರ ಒತ್ತಿ ಮತ್ತೆ ಟೈಪ್ ಮಾಡಿದೆ. 800 ಪದಕ್ಕೆ ಎರಡು ಸಂಜೆ ಹಿಡಿಯಿತು.

ಎರಡನೆಯ ತೊಂದರೆ, ನನಗೆ ಗೊತ್ತಿಲ್ಲದ ಊರಿನ ಬಗ್ಗೆ ಬರೆಯುವುದು. ಅದು ತೊಂದರೆ ಎಂದೇ ನನಗೆ ಅನ್ನಿಸಲಿಲ್ಲ. ಐದು ಪುಟ ತೆರೆದು ಓದುತ್ತಿದ್ದೆ. ಒಂದರಿಂದ ರಾಜಾಸೀಟು, ಇನ್ನೊಂದರಿಂದ ಅಬ್ಬಿ ಜಲಪಾತ, ಮತ್ತೊಂದರಿಂದ ತಲಕಾವೇರಿ ತೆಗೆದುಕೊಂಡು ವಾಕ್ಯ ಬದಲಾಯಿಸಿ ಜೋಡಿಸುತ್ತಿದ್ದೆ. ನಡುನಡುವೆ "ಕಣ್ಮನ ಸೆಳೆಯುವ", "ಭೂಲೋಕದ ಸ್ವರ್ಗ", "ಒಮ್ಮೆಯಾದರೂ ನೋಡಲೇಬೇಕಾದ" ಎಂಬ ಮಾತುಗಳನ್ನು ಸೇರಿಸುತ್ತಿದ್ದೆ. ಆ ಮೂರು ಮಾತು ಯಾವ ಊರಿಗೆ ಹಾಕಿದರೂ ಹೊಂದುತ್ತಿದ್ದವು. ಜೋಗಕ್ಕೂ ಹಾಕಿದೆ, ಹಂಪಿಗೂ ಹಾಕಿದೆ, ಬಾದಾಮಿಗೂ ಹಾಕಿದೆ.

ಮೂರು ಲೇಖನದ 750 ರೂಪಾಯಿ ಅಮ್ಮಿಯ ಖಾತೆಗೆ ಬಂದ ದಿನ ಮನೆಯಲ್ಲಿ ಹಬ್ಬ. ಅಮ್ಮಿ ಆ ಮೆಸೇಜನ್ನು ಪಕ್ಕದ ಮನೆಯ ಚಾಚಿಗೂ ತೋರಿಸಿ ಬಂದರು. ನನಗೆ ನಾನೇ ದೊಡ್ಡ ಲೇಖಕಿಯಂತೆ ಕಂಡೆ.

ಆಗಸ್ಟ್ ತಿಂಗಳಲ್ಲಿ ಆ ಜಾಲತಾಣದವರು ನಮ್ಮೂರಿನ ಬಗ್ಗೆಯೇ ಲೇಖನ ಕೇಳಿದರು: 'ಒಂದೇ ದಿನದಲ್ಲಿ ವಿಜಯಪುರ'. ಹುಟ್ಟಿ ಬೆಳೆದ ಊರು. ಬೆಳಿಗ್ಗೆ ಎದ್ದು ಮಾಳಿಗೆ ಹತ್ತಿದರೆ ಗೋಲಗುಮ್ಮಟ ಕಾಣುತ್ತದೆ. ಆದರೂ ನಾನು ಮಾಡಿದ್ದೇನು? ಕೊಡಗಿಗೆ ಮಾಡಿದ್ದನ್ನೇ. ಐದು ಪುಟ ತೆರೆದೆ. ಮುಹಮ್ಮದ್ ಆದಿಲ್ ಶಾಹನ ಸಮಾಧಿ, 1656ರಲ್ಲಿ ಪೂರ್ಣವಾಯಿತು, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಒಳಗೆ ಒಂದು ಕಂಬವೂ ಇಲ್ಲ, ಪಿಸುಗುಟ್ಟಿದರೂ ಕೇಳುವ ಗ್ಯಾಲರಿ. ಎಲ್ಲ ಸರಿಯಾದ ಮಾಹಿತಿಯೇ. ಗುಮ್ಮಟದ ಎದುರಿನ ನಗಾರಖಾನೆಯಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಅದರ ಬಗ್ಗೆ ಎರಡು ಸಾಲು ಬರೆದೆ. ಕೊನೆಗೆ ಲೇಖನ ಪೂರ್ತಿಯಾಗಿ ಕಾಣಲೆಂದು, "ಎಲ್ಲವೂ ವಾರದ ಏಳೂ ದಿನ ತೆರೆದಿರುತ್ತವೆ" ಎಂದು ಸೇರಿಸಿದೆ.

ಆ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಗೇಟಿನ ಬಳಿ ಹೋಗಿ ಒಂದು ಸಲ ಬೋರ್ಡು ನೋಡಿದ್ದರೆ ಸಾಕಿತ್ತು. ನಮ್ಮ ಮನೆಯಿಂದ ನಡೆದುಹೋದರೆ ಇಪ್ಪತ್ತು ನಿಮಿಷದ ದಾರಿ.

ಅಕ್ಟೋಬರ್ ರಜೆಯ ಒಂದು ಶುಕ್ರವಾರ. ಅಬ್ಬಾ ಎಂದಿನಂತೆ ಬೆಳಿಗ್ಗೆ ರೈಲ್ವೆ ಸ್ಟೇಷನ್ ಮುಂದೆ ಆಟೋ ನಿಲ್ಲಿಸಿದ್ದರು. ದಾವಣಗೆರೆ ಕಡೆಯ ಒಂದು ಕುಟುಂಬ ರೈಲಿನಿಂದ ಇಳಿಯಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಒಬ್ಬ ಅಜ್ಜ. ಅಜ್ಜ ನಿವೃತ್ತ ಇತಿಹಾಸ ಮೇಷ್ಟ್ರು. ಮೊಣಕಾಲು ನೋವು, ಕೈಯಲ್ಲಿ ಕೋಲು. ದಿನವಿಡೀ ಊರು ತೋರಿಸಿ ರಾತ್ರಿ ರೈಲಿಗೆ ಬಿಡಲು ಮಾತಾಯಿತು. ದಾರಿಯಲ್ಲಿ ಅಜ್ಜ ತಮ್ಮ ಯೋಜನೆ ಹೇಳಿದರಂತೆ: ಮಕ್ಕಳು ಗುಮ್ಮಟ ಹತ್ತಲಿ, ತಾನು ಹತ್ತಲಾರೆ, ಅಷ್ಟು ಹೊತ್ತು ಕೆಳಗೆ ವಸ್ತುಸಂಗ್ರಹಾಲಯದಲ್ಲಿ ಶಾಸನಗಳನ್ನು ನೋಡುತ್ತಿರುತ್ತೇನೆ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದಾಯಿತು, ಕಣ್ಣಾರೆ ನೋಡಿರಲಿಲ್ಲ.

"ಯಜಮಾನ್ರ, ಇವತ್ತ ಶುಕ್ರವಾರ. ಮ್ಯೂಸಿಯಂ ಬಂದ್ ಇರತೈತ್ರಿ," ಎಂದರು ಅಬ್ಬಾ.

"ಇಲ್ಲಪ್ಪ, ನೋಡು, ಏಳೂ ದಿನ ತೆಗೆದಿರುತ್ತೆ ಅಂತ ಬರೆದಿದ್ದಾರೆ," ಎಂದು ಮಗ ಮೊಬೈಲ್ ಮುಂದೆ ಹಿಡಿದರಂತೆ. ಅಬ್ಬಾಗೆ ಕನ್ನಡ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ಸುಮ್ಮನಾದರು.

ರಾತ್ರಿ ಊಟಕ್ಕೆ ಕುಳಿತಾಗ ಅಬ್ಬಾ ಇದನ್ನೆಲ್ಲ ಹೇಳಿದರು. ಗೇಟು ಮುಚ್ಚಿತ್ತು. ಬೇರೆಯವರು ಮೇಲೆ ಹತ್ತಿದರು. ಅಜ್ಜ ಎರಡು ಗಂಟೆ ಹೊರಗೆ ಮರದ ಕೆಳಗೆ ಕುಳಿತರು. ಮರುದಿನ ಉಳಿಯಲು ಆಗುವುದಿಲ್ಲ, ಟಿಕೆಟ್ ಆಗಿತ್ತು. "ಈ ಕಾಲಲ್ಲಿ ಇನ್ನೊಂದು ಸಲ ಬರೋದು ಕಷ್ಟ," ಎಂದರಂತೆ. ಅಬ್ಬಾ ಜುಮಾಕ್ಕೆ ಹೋಗಿಬಂದು ಅವರ ಜೊತೆ ಕುಳಿತು ಚಹಾ ಕುಡಿಸಿದರಂತೆ. ಸಂಜೆ ಬಾಡಿಗೆಯಲ್ಲಿ 100 ರೂಪಾಯಿ ಕಡಿಮೆ ತೆಗೆದುಕೊಂಡರಂತೆ.

"ನಿಮ್ಮ ತಪ್ಪೇನಿತ್ತು?" ಎಂದು ಅಮ್ಮಿ ಕೇಳಿದರು.

"ನನ್ನದಲ್ಲ. ಆದರೆ ನಮ್ಮೂರಿಗೆ ಬಂದವರು ಬೇಜಾರಾಗಿ ಹೋಗಬಾರದು. ಯಾರೋ ಪುಣ್ಯಾತ್ಮರು ಸುಳ್ಳು ಬರೆದಿದ್ದಾರೆ."

ನನ್ನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಅದು ನನ್ನ ಲೇಖನವೇ ಆಗಿರಬೇಕಾಗಿಲ್ಲ, ಬೇರೆ ಯಾರದ್ದೋ ಇರಬಹುದು ಎಂದು ಮನಸ್ಸು ಹೇಳುತ್ತಿತ್ತು. ಲೇಖನಕ್ಕೆ ನನ್ನ ಹೆಸರೂ ಇಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಕೇಳಿದೆ: "ಅಬ್ಬಾ, ಮೊಬೈಲಿನಲ್ಲಿ ಮೇಲೆ ಯಾವ ಚಿತ್ರ ಇತ್ತು?"

"ನನ್ನ ಆಟೋದ ಹಿಂದೆ ಗುಮ್ಮಟ ಕಾಣುತ್ತದಲ್ಲ, ಅಂಥದ್ದೇ ಒಂದು ಆಟೋ ಇತ್ತು. ನಾನೇ ನೋಡಿ ನಕ್ಕೆ."

ಅದು ಅಂಥದ್ದೇ ಆಟೋ ಅಲ್ಲ, ಅಬ್ಬಾನ ಆಟೋವೇ. ನಾನೇ ತೆಗೆದ ಫೋಟೋ.

ಹೇಳಿಬಿಟ್ಟೆ. ಅಮ್ಮಿ "ಯಾ ಅಲ್ಲಾಹ್" ಎಂದರು. ಅಬ್ಬಾ ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಒಳಗೆ ಹೋಗಿ ನನ್ನ ಡಬ್ಬಿಯಿಂದ 250 ರೂಪಾಯಿ ತಂದು ಅವರ ಮುಂದೆ ಇಟ್ಟೆ. ಅಬ್ಬಾ ಮುಟ್ಟಲಿಲ್ಲ.

"ಇದು ನನ್ನದಲ್ಲ ಬೇಟಾ. ಇದು ಅವರದ್ದು. ಅವರು ಹೋದರು." ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದರು: "ನನ್ನ ಆಟೋ ಹತ್ತಿದವರು ತಮ್ಮ ಒಂದು ದಿನವನ್ನು ನನ್ನ ಕೈಗೆ ಕೊಟ್ಟಿರುತ್ತಾರೆ. ಅದು ಅಮಾನತ್. ನಿನ್ನ ಬರಹ ಓದಿದವರೂ ಅಷ್ಟೇ."

ಸ್ಟಾಫ್ ರೂಮಿನಲ್ಲಿ ಮೇಡಂ ಹೇಳಿದ ಮಾತು ಆಗ ಅರ್ಥವಾಯಿತು.

ಆ ರಾತ್ರಿಯೇ ಜಾಲತಾಣಕ್ಕೆ ಬರೆದೆ. ತಿದ್ದುವ ಅಧಿಕಾರ ನನಗಿಲ್ಲ, ಲೇಖನ ಅವರದ್ದು. ಉತ್ತರ ಬರಲಿಲ್ಲ. ಮತ್ತೆ ಬರೆದೆ. ಒಟ್ಟು ನಾಲ್ಕು ಸಲ ಬರೆದ ಮೇಲೆ, ಹನ್ನೊಂದನೆಯ ದಿನ, "ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ" ಎಂಬ ಸಾಲು ಸೇರಿತು. ಖುಷಿಯಾಯಿತು. ಆದರೆ ಆಮೇಲೆ ಹುಡುಕಿ ನೋಡಿದರೆ ನನ್ನ ಲೇಖನವನ್ನು ಇನ್ನೂ ಮೂರು ಪುಟದವರು ಪದಕ್ಕೆ ಪದ ನಕಲು ಮಾಡಿ ಹಾಕಿಕೊಂಡಿದ್ದರು. ಅವುಗಳಲ್ಲಿ ಹಳೆಯ ಸಾಲೇ ಇದೆ. ಅವರಿಗೂ ಬರೆದಿದ್ದೇನೆ. ಈವರೆಗೆ ಯಾರೂ ತಿದ್ದಿಲ್ಲ. ನಾನು ಬೇರೆಯವರಿಂದ ತೆಗೆದುಕೊಂಡ ಹಾಗೆಯೇ ಅವರು ನನ್ನಿಂದ ತೆಗೆದುಕೊಂಡರು. ಹಾಗಾಗಿ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಬಾಯಿ ಇಲ್ಲ.

ಆ 250 ರೂಪಾಯಿಯನ್ನು ನಮ್ಮೂರನ್ನು ಮತ್ತೆ ನೋಡಲು ಖರ್ಚು ಮಾಡಿದೆ. ಭಾನುವಾರಗಳಲ್ಲಿ ಅಬ್ಬಾನ ಆಟೋದಲ್ಲಿ, ತಮ್ಮನನ್ನು ಕರೆದುಕೊಂಡು ಹೋದೆ. ಕೈಯಲ್ಲಿ ನೋಟ್‌ಬುಕ್. ಗೋಲಗುಮ್ಮಟದ ನಾಲ್ಕು ಮೂಲೆಗೆ ಏಳಂತಸ್ತಿನ ಮಿನಾರುಗಳಿವೆ, ಮೆಟ್ಟಿಲು ಇರುವುದು ಅವುಗಳ ಒಳಗೆ. ಎಣಿಸುತ್ತ ಹತ್ತಿದೆ, ನಡುವೆ ಎದುರಿನಿಂದ ಇಳಿಯುವವರಿಗೆ ದಾರಿ ಬಿಡುವಾಗ ಲೆಕ್ಕ ತಪ್ಪಿತು. ಎರಡನೇ ಸಲವೂ ತಪ್ಪಿತು. ಆದರೆ ಮೆಟ್ಟಿಲು ಕಡಿದು, ಒಳಗೆ ಇಕ್ಕಟ್ಟು ಎಂಬುದು ನನ್ನ ಕಾಲಿಗೇ ಗೊತ್ತಾಯಿತು. ಮೊಣಕಾಲು ನೋವಿನ ಅಜ್ಜನಿಗೆ ಏನು ಹೇಳಬೇಕಿತ್ತು ಎಂಬುದೂ ಗೊತ್ತಾಯಿತು. ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಮಾತು ಕೇಳಬೇಕಾದರೆ ಬೆಳಿಗ್ಗೆ ಬೇಗ ಹೋಗಬೇಕು. ಶಾಲೆಯ ಮಕ್ಕಳ ಬಸ್ಸುಗಳು ಬಂದ ಮೇಲೆ ಅಲ್ಲಿ ಕೇಳುವುದು ಕೂಗು ಮಾತ್ರ.

ಇಬ್ರಾಹಿಂ ರೋಜಾದಲ್ಲಿ ಕಲ್ಲನ್ನೇ ಅಕ್ಷರವಾಗಿ ಕೊರೆದು ಮಾಡಿದ ಕಿಟಕಿಗಳಿವೆ. ಎಷ್ಟೋ ಸಲ ಆ ಮುಂದಿನ ತೋಟದಲ್ಲಿ ಆಡಿದ್ದೆ, ಕಿಟಕಿಯನ್ನು ಹತ್ತಿರದಿಂದ ನೋಡಿರಲಿಲ್ಲ. ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ತೂಕದ್ದು ಎಂದು ಎಲ್ಲರೂ ಬರೆಯುತ್ತಾರೆ. ಅದರ ಬಾಯಿಯ ಕಡೆ ಸಿಂಹದ ಮುಖವಿದೆ, ಆ ಸಿಂಹದ ಹಲ್ಲಿನ ನಡುವೆ ಒಂದು ಆನೆ ಸಿಕ್ಕಿಕೊಂಡಿದೆ. ಅದನ್ನು ತೋರಿಸಿದವನು ನನ್ನ ಎಂಟು ವರ್ಷದ ತಮ್ಮ. ಬಿಸಿಲಲ್ಲಿ ಲೋಹ ಎಷ್ಟು ಕಾಯುತ್ತದೆ ಎಂಬುದು ಕೈ ಇಟ್ಟ ಮೇಲೆ ಗೊತ್ತಾಯಿತು.

ನೋಟ್‌ಬುಕ್‌ನ ಮೊದಲ ಪುಟದಲ್ಲಿ ಐದು ಪ್ರಶ್ನೆ ಬರೆದುಕೊಂಡೆ. ರಜೆ ಯಾವ ದಿನ? ಮೆಟ್ಟಿಲು ಹತ್ತಲಾಗದವರಿಗೆ ಏನಿದೆ? ಕುಡಿಯುವ ನೀರು, ಹೆಂಗಸರ ಶೌಚಾಲಯ ಎಲ್ಲಿ? ನೆರಳು ಎಲ್ಲಿ? ವಾಪಸ್ ಬರಲು ಕೊನೆಯ ಬಸ್ ಎಷ್ಟಕ್ಕೆ? ನಾನು ಓದಿದ ಎಷ್ಟೋ ಪ್ರವಾಸ ಲೇಖನಗಳಲ್ಲಿ ಮೂರನೆಯ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ. ಅಮ್ಮಿಯಂಥವರು ಮನೆಯಿಂದ ಹೊರಡಬೇಕಾದರೆ ಮೊದಲು ಕೇಳುವುದೇ ಅದನ್ನು.

ಅಮ್ಮಿಯ ವಿಷಯ ಬಂತು. ಹುಡುಗಿಯೊಬ್ಬಳು ಪ್ರವಾಸ ಬರಹಗಾರ್ತಿ ಆಗುತ್ತೇನೆ ಎಂದರೆ ಎದುರಾಗುವ ದೊಡ್ಡ ಪ್ರಶ್ನೆ ಹಣದ್ದಲ್ಲ, "ಯಾರ ಜೊತೆ ಹೋಗ್ತೀ?" ಎಂಬುದು. ನನ್ನಂತೆ ಓದುತ್ತಿರುವ ಗೆಳತಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಡುಗರಾದರೆ ಬೈಕ್ ಹತ್ತಿ ಹೋಗುತ್ತಾರೆ. ನನಗೆ ಜೊತೆ ಬೇಕು, ಆ ಜೊತೆಗೆ ಬಿಡುವು ಬೇಕು, ಇಬ್ಬರ ಖರ್ಚೂ ಬೇಕು. 250 ರೂಪಾಯಿಯ ಲೇಖನಕ್ಕೆ 500 ರೂಪಾಯಿ ಬಸ್ ಚಾರ್ಜ್ ಕೊಟ್ಟು ಹೋಗುವುದು ಯಾವ ಲೆಕ್ಕ?

ಈ ಲೆಕ್ಕ ಬದಲಾದದ್ದು ಶಕ್ತಿ ಯೋಜನೆಯಿಂದ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣ ಇಲ್ಲ ಎಂಬುದು ನಿಮಗೆಲ್ಲ ಗೊತ್ತು. ಡಿಸೆಂಬರ್‌ನ ಒಂದು ಭಾನುವಾರ ಅಮ್ಮಿಯನ್ನು ಒಪ್ಪಿಸಿ ಬಾದಾಮಿಗೆ ಹೊರಟೆ. ಅಮ್ಮಿ ಅಲ್ಲಿಯವರೆಗೆ ಊರು ಬಿಟ್ಟು ಹೋಗಿದ್ದು ಮದುವೆಗೆ, ಮಯ್ಯತ್ತಿಗೆ, ಆಸ್ಪತ್ರೆಗೆ ಮಾತ್ರ. ಸುಮ್ಮನೆ ನೋಡಲೆಂದು ಎಲ್ಲಿಗೂ ಹೋದವರಲ್ಲ. ಬೆಳಗಿನ ಜಾವ ರೊಟ್ಟಿ ಕಟ್ಟಿಕೊಂಡು, ಆಧಾರ್ ಕಾರ್ಡನ್ನು ಪರ್ಸಿನಿಂದ ನಾಲ್ಕು ಸಲ ತೆಗೆದು ನೋಡಿಕೊಂಡು ಬಸ್ ಹತ್ತಿದರು. ಬಾಗಲಕೋಟೆಯಲ್ಲಿ ಬಸ್ ಬದಲಿಸಿದೆವು.

ಬಾದಾಮಿಯ ಬಗ್ಗೆ ನಾನು ಮೊದಲೇ ಒಂದು ಲೇಖನ ಬರೆದಿದ್ದೆ ಎಂದೆನಲ್ಲ, ಅದನ್ನು ಫೋನಿನಲ್ಲಿ ತೆರೆದಿಟ್ಟುಕೊಂಡಿದ್ದೆ. ನಾಲ್ಕು ಗುಹೆಗಳು, ಮೂರನೆಯದರಲ್ಲಿ ಕ್ರಿ.ಶ. 578ರ ಶಾಸನ, ಎದುರಿಗೆ ಅಗಸ್ತ್ಯ ತೀರ್ಥ. ಎಲ್ಲ ಸರಿಯಿತ್ತು. ಇಲ್ಲದಿದ್ದದ್ದು ಮಂಗಗಳು. ಎರಡನೇ ಗುಹೆಗೆ ಹತ್ತುವಷ್ಟರಲ್ಲಿ ಒಂದು ಮಂಗ ಅಮ್ಮಿಯ ಚೀಲಕ್ಕೆ ಕೈ ಹಾಕಿ ಬಾಳೆಹಣ್ಣಿನ ಜೊತೆ ನಮ್ಮ ರೊಟ್ಟಿಯ ಗಂಟನ್ನೂ ಎಳೆದುಕೊಂಡು ಹೋಯಿತು. "ಇದನ್ನ ಬರೆದಿಲ್ಲವೇನೇ ನೀನು?" ಎಂದು ಅಮ್ಮಿ ಕೇಳಿದರು. ಮೂರನೇ ಗುಹೆಯ ಕಂಬಗಳ ನಡುವೆ ನಿಂತು ಕೆಳಗಿನ ಕೆರೆ ನೋಡುತ್ತ ಅಮ್ಮಿ ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಏನೂ ಕೇಳಲಿಲ್ಲ.

ರೊಟ್ಟಿ ಹೋದದ್ದರಿಂದ ಒಂದು ಒಳ್ಳೆಯದಾಯಿತು. ಊಟಕ್ಕೆ ಸುಮಾರು ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋದೆವು. ಅಲ್ಲಿ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೊಸರು ತಂದು ಮಾರುತ್ತಾರೆ. ನಾನು ನೋಟ್‌ಬುಕ್ ತೆಗೆದು "ಇದನ್ನು ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ?" ಎಂದು ಕೇಳಿದೆ. ರೊಟ್ಟಿ ಮಾರುವ ತಾಯಿ ನನ್ನ ಪೆನ್ನು ನೋಡಿ, "ಭಾಳ ವರ್ಷ ಆತು," ಎಂದಷ್ಟೇ ಹೇಳಿ ಸುಮ್ಮನಾದರು. ಅಮ್ಮಿ ಒಂದು ತುತ್ತು ತಿಂದು, "ಅಕ್ಕಾ, ಇಷ್ಟ ತೆಳ್ಳಗ ಹೆಂಗ ಬಡೀತೀರಿ? ನನ್ನ ರೊಟ್ಟಿ ಅಂಚಿಗೆ ಒಡೀತಾವು," ಎಂದರು. ಅಷ್ಟೇ ಸಾಕಾಯಿತು. ನೀರು ಎಷ್ಟು ಕಾಯಬೇಕು, ಹಿಟ್ಟು ಎಷ್ಟು ನಾದಬೇಕು ಎಂಬಲ್ಲಿಂದ ಶುರುವಾಗಿ, ಮುಂಜಾನೆ ನಾಲ್ಕಕ್ಕೆ ಏಳುವುದು, ಮಳೆ ಬಂದ ದಿನ ರೊಟ್ಟಿ ಉಳಿಯುವುದು, ಇದೇ ಬುಟ್ಟಿಯಿಂದ ಮಗಳನ್ನು ನರ್ಸಿಂಗ್ ಓದಿಸಿದ್ದು, ಎಲ್ಲ ಬಂತು. ಕೇಳುವುದು ಹೇಗೆಂದು ನಾನು ಕಲಿತದ್ದು ಅವತ್ತು, ಅಮ್ಮಿಯಿಂದ.

ಬಂದು ಬರೆದೆ. ಈ ಸಲ "ಕಣ್ಮನ ಸೆಳೆಯುವ" ಎಂಬ ಮಾತು ಎಲ್ಲಿಯೂ ಹಾಕಲಿಲ್ಲ. ಮಂಗ ಇತ್ತು, ರೊಟ್ಟಿ ಇತ್ತು, ಶೌಚಾಲಯ ಎಲ್ಲಿದೆ ಎಂಬುದಿತ್ತು, ವಾಪಸ್ ಬರುವ ಬಸ್ಸಿನ ವಿವರ ಇತ್ತು. ಜಾಲತಾಣದವರು ತಿರಸ್ಕರಿಸಿದರು. ಉದ್ದವಾಯಿತು, ಹುಡುಕುವವರು ಟೈಪ್ ಮಾಡುವ ಪದಗಳು ಇದರಲ್ಲಿ ಇಲ್ಲ ಎಂದರು. ಒಂದು ತಿಂಗಳ ನಂತರ ಇನ್ನೊಂದು ಮೆಸೇಜ್ ಬಂತು: ಇನ್ನು ಮುಂದೆ ಲೇಖನವನ್ನು ಕೃತಕ ಬುದ್ಧಿಮತ್ತೆಯೇ ಬರೆಯುತ್ತದೆ, ನೀವು ತಿದ್ದಿ ಕೊಟ್ಟರೆ ಸಾಕು, ಒಂದಕ್ಕೆ 60 ರೂಪಾಯಿ.

ಎರಡು ದಿನ ಯೋಚಿಸಿದೆ. ಐದು ಪುಟ ಓದಿ ಆರನೆಯದು ಮಾಡುವ ಕೆಲಸವನ್ನು ಯಂತ್ರ ನನಗಿಂತ ಬೇಗ ಮಾಡುತ್ತದೆ, ಅದರಲ್ಲಿ ಸಂಶಯವಿಲ್ಲ. ನಾನು ಮೊದಲು ಮಾಡುತ್ತಿದ್ದದ್ದು ಅದೇ ಕೆಲಸ. ಆ ಗೇಟಿನ ಮುಂದೆ ಹೋಗಿ ನಿಲ್ಲದೆ, ಇನ್ನೊಬ್ಬರು ನಿಲ್ಲದೆ ಬರೆದದ್ದನ್ನು ತಿದ್ದುವುದು ಹೇಗೆ? ಆಗುವುದಿಲ್ಲ ಎಂದು ಬರೆದು ಕಳಿಸಿದೆ. ನನಗೆ ಬರಬೇಕಿದ್ದ ಐದು ಲೇಖನಗಳ ಹಣ ಇವತ್ತಿಗೂ ಬಂದಿಲ್ಲ.

ಬಾದಾಮಿ ಲೇಖನವನ್ನು ಮೇಡಂ ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಕಳಿಸಲು ಹೇಳಿದರು. ಏಳು ವಾರದ ನಂತರ ಅದು ಅವರ ಅಂತರ್ಜಾಲ ಪುಟದಲ್ಲಿಯೂ ಅಚ್ಚಿನಲ್ಲಿಯೂ ಬಂತು, ನನ್ನ ಹೆಸರಿನೊಂದಿಗೆ. 600 ರೂಪಾಯಿ ಬರಲು ಇನ್ನೂ ಮೂರು ತಿಂಗಳು ಹಿಡಿಯಿತು. ಆದರೆ ಬಂತು.

ಆಸಕ್ತಿ ಇರುವವರಿಗಾಗಿ ನನ್ನ ಪೂರ್ತಿ ಲೆಕ್ಕ ಇಲ್ಲಿದೆ. ಜಾಲತಾಣಕ್ಕೆ ಬರೆದದ್ದು 34 ಲೇಖನ. ಬರಬೇಕಾದದ್ದು 8,500, ಬಂದದ್ದು 7,250. ಪುರವಣಿಗೆ ಈವರೆಗೆ ಮೂರು ಲೇಖನ, 1,800. ಒಟ್ಟು 9,050 ರೂಪಾಯಿ, ಸುಮಾರು ಒಂದೂವರೆ ವರ್ಷದಲ್ಲಿ. ಅದರಲ್ಲಿ ಅಮ್ಮಿಗೆ ಕನ್ನಡಕ ಬಂತು, ನನಗೆ ಈ ವರ್ಷದ ಪುಸ್ತಕಗಳು ಬಂದವು. ಇದರಿಂದ ಬದುಕು ನಡೆಸಬಹುದೇ ಎಂದರೆ, ಈ ಲೆಕ್ಕದಲ್ಲಿ ಖಂಡಿತ ಇಲ್ಲ. "ಮನೆಯಲ್ಲೇ ಕುಳಿತು ಸಾವಿರಾರು ಸಂಪಾದಿಸಿ" ಎನ್ನುವವರ ಮಾತು ನಂಬಬೇಡಿ. ಬರೆಯುವುದಾದರೆ, ಎಷ್ಟು ಹಣ, ಯಾವಾಗ, ಹೆಸರು ಹಾಕುತ್ತಾರೋ ಇಲ್ಲವೋ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಎರಡು ಲೇಖನದ ಹಣ ಬರುವವರೆಗೆ ಮೂರನೆಯದನ್ನು ಕಳಿಸಬೇಡಿ. ಕಳಿಸಿದ್ದರ ಒಂದು ಪ್ರತಿ ಇಟ್ಟುಕೊಳ್ಳಿ. ಹಣ ಕೊಟ್ಟು ಸದಸ್ಯರಾಗಿ ಎನ್ನುವವರ ಹತ್ತಿರ ಹೋಗಲೇಬೇಡಿ.

ಈ ವರ್ಷ ಇತಿಹಾಸ ತರಗತಿಯಲ್ಲಿ ಸರ್ ಇಬ್ನ್ ಬತೂತಾನ ಬಗ್ಗೆ ಹೇಳಿದರು. 1304ರಲ್ಲಿ ಮೊರಾಕ್ಕೊದ ಟ್ಯಾಂಜಿಯರ್‌ನಲ್ಲಿ ಹುಟ್ಟಿದವನು. 1325ರಲ್ಲಿ ಮನೆಯಿಂದ ಹೊರಟವನು ಸುಮಾರು ಮೂವತ್ತು ವರ್ಷ ತಿರುಗಿದ. ಅವನ 'ರಿಹ್ಲಾ' ಅವನೇ ಕುಳಿತು ಬರೆದದ್ದಲ್ಲ. ಅವನು ನೆನಪಿನಿಂದ ಹೇಳಿದ, ಇಬ್ನ್ ಜುಝಯ್ ಎಂಬ ವಿದ್ವಾಂಸ ಬರೆದುಕೊಂಡ, 1355ರಲ್ಲಿ ಮುಗಿಯಿತು. ಅದರಲ್ಲಿ ಮಕ್ಕಾ, ಮದೀನಾ, ದಮಾಸ್ಕಸ್‌ಗಳ ವರ್ಣನೆಯ ಕೆಲವು ಭಾಗಗಳು ಅವನಿಗಿಂತ ಹಿಂದಿನ ಪ್ರವಾಸಿ ಇಬ್ನ್ ಜುಬೈರ್‌ನ ಪುಸ್ತಕದಿಂದ ಬಂದವು ಎಂದು ವಿದ್ವಾಂಸರು ಗುರುತಿಸಿದ್ದಾರಂತೆ. ಅಷ್ಟು ದೊಡ್ಡ ಪುಸ್ತಕದಲ್ಲೂ ಎತ್ತಿಕೊಂಡದ್ದು ಆರೂವರೆ ಶತಮಾನ ಕಳೆದರೂ ಮರೆಯಾಗಿಲ್ಲ ಎಂದು ಕೇಳಿ ನನಗೆ ಹೆದರಿಕೆಯೂ ಆಯಿತು, ಸಮಾಧಾನವೂ ಆಯಿತು.

ಆದರೆ ಅದೇ ಪುಸ್ತಕದಲ್ಲಿ ನಮ್ಮ ಕರಾವಳಿಯ ಹೊನ್ನಾವರವೂ ಬರುತ್ತದೆ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ಅವನು ಹೇಳುತ್ತಾನೆ. ಹೊನ್ನಾವರ ರಮಣೀಯ ಎಂದಷ್ಟೇ ಹೇಳಿ ಮುಗಿಸಿದ್ದರೆ ಅದು ಇವತ್ತು ನಮ್ಮ ಯಾವ ಉಪಯೋಗಕ್ಕೆ ಬರುತ್ತಿತ್ತು? ಯಾರನ್ನೋ ಕೇಳಿ, ಎಣಿಸಿ, ನೆನಪಿಟ್ಟುಕೊಂಡು ಹೇಳಿದ. ಹಾಗಾಗಿ 14ನೇ ಶತಮಾನದಲ್ಲಿ ನಮ್ಮ ನಾಡಿನ ಒಂದು ಬಂದರಿನಲ್ಲಿ ಹುಡುಗಿಯರು ಶಾಲೆಗೆ ಹೋಗುತ್ತಿದ್ದರೆಂದು ಇವತ್ತು ನಮ್ಮ ತರಗತಿಯ ಹುಡುಗಿಯರಿಗೆ ಗೊತ್ತಾಯಿತು.

ನನಗೆ ಸಿಕ್ಕ ಪ್ರತಿಫಲ ಯಾವುದು ಎಂದು ಕೇಳಿದರೆ, ಹಣಕ್ಕಿಂತ ಮೊದಲು ಹೇಳಬೇಕಾದದ್ದು ನಮ್ಮೂರು. ದಿನವೂ ಕಾಣುತ್ತಿದ್ದ ಊರನ್ನು ಮೊದಲ ಸಲ ನೋಡಿದೆ. ಎರಡನೆಯದು ಅಮ್ಮಿ. ಬಾದಾಮಿಯ ಆ ಶೂನ್ಯ ಟಿಕೆಟನ್ನು ಅವರು ಇನ್ನೂ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ. "ಮುಂದಿನ ಸಲ ಎಲ್ಲಿಗೆ?" ಎಂದು ಈಗ ಕೇಳುವವರು ಅವರೇ. ಪರೀಕ್ಷೆ ಮುಗಿದ ಮೇಲೆ ಹೊನ್ನಾವರಕ್ಕೆ, ಇನ್ಶಾ ಅಲ್ಲಾಹ್.

ಮೂರನೆಯದು ಅಬ್ಬಾ. ಈಗ ಯಾವ ಲೇಖನ ಬರೆದರೂ ಕಳಿಸುವ ಮೊದಲು ರಾತ್ರಿ ಊಟವಾದ ಮೇಲೆ ಅಬ್ಬಾಗೆ ಓದಿ ಹೇಳುತ್ತೇನೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ, ಮನಸ್ಸಿನಲ್ಲೇ ಆಟೋ ಓಡಿಸುವವರ ಹಾಗೆ. ಮೊನ್ನೆ ತಾಜ್ ಬಾವಡಿಯ ಲೇಖನ ಓದುತ್ತಿದ್ದಾಗ ನಡುವೆ ತಡೆದರು.

"ಏನಂದೆ? ಎಡಕ್ಕಾ?"

"ಹೌದು ಅಬ್ಬಾ, ಎಡಕ್ಕೆ ತಿರುಗಿದರೆ..."

"ನೀನು ಯಾವ ಕಡೆಯಿಂದ ಬರುತ್ತಿದ್ದೀ, ಅದನ್ನು ಮೊದಲು ಹೇಳು. ಸ್ಟೇಷನ್ ಕಡೆಯಿಂದ ಬಂದವನಿಗೆ ಅದು ಎಡ ಅಲ್ಲ."

ನಾನು ಫೋನ್ ಕೆಳಗಿಟ್ಟು, ಪೆನ್ನು ತೆಗೆದುಕೊಂಡು ಆ ಸಾಲು ಹೊಡೆದು ಹಾಕಿದೆ. ಭಾನುವಾರ ಹೋಗಿ ನೋಡಿ ಬರಬೇಕು.

— ದ್ವಿತೀಯ ಪಿಯುಸಿ, ಕಲಾ ವಿಭಾಗ